ಮನವಿ ಅಧ್ಯಕ್ಷರು

ಅಧ್ಯಕ್ಷರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಒಂದು ಆರ್ಡರಿನ ರೂಪದಲ್ಲಿ. ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿ ಕಸ ಗುಡಿಸುತ್ತಿದ್ದೆ. ಅವರ ಭಾವಮೈದ ಬಂದು ನಿಂತು, 'ಭಾಯ್, ಹತ್ತಡಿ ಎಂಟಡಿ ಫ್ಲೆಕ್ಸು ಒಂದ್ ಆಗ್ಬೇಕಲ್ಲ, ಹನ್ನೊಂದ್ನೇ ದಿನದ ತಿಥಿಗೆ' ಎಂದ. ಯಾರ ತಿಥಿ ಎಂದು ಕೇಳಿದೆ. ಇದೂ ಗೊತ್ತಿಲ್ಲವೇ ಎನ್ನುವಂತೆ ನನ್ನನ್ನು ನೋಡಿ ಜೇಬಿನಿಂದ ಒಂದು ಚೀಟಿ ತೆಗೆದುಕೊಟ್ಟ. ಅದರಲ್ಲಿ ಬರೆದಿತ್ತು: ಧೀಮಂತ ನಾಯಕ, ರೈತರ ಕಣ್ಮಣಿ, ನೊಂದವರ ದನಿ, ಛಲ ಬಿಡದ ಹೋರಾಟಗಾರ. ಆಮೇಲೆ ಹೆಸರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಹೆಸರು ಬಿಟ್ಟು ಆಡಿದರೆ ಪಾಪ ಅರ್ಧವಾದರೂ ಕಡಿಮೆಯಾದೀತು.

ನನ್ನ ಅಂಗಡಿ ರಾಮನಗರದ ತಾಲ್ಲೂಕು ಕಚೇರಿಯ ಎದುರಿಗಿದೆ. ನಮ್ಮಪ್ಪ ರೇಷ್ಮೆ ರೀಲರ್, ಗೂಡಿನಿಂದ ನೂಲು ಬಿಚ್ಚುವವರು. ಬಿಸಿನೀರಿನಲ್ಲಿ ಗೂಡು ಕೆದಕಿ ಕೆದಕಿ ಅವರ ಬೆರಳುಗಳು ಬೆಳ್ಳಗೆ ಮುದುಡಿಹೋಗಿದ್ದವು. ಆ ಬೆರಳು ನನ್ನ ಮಗನಿಗೆ ಬೇಡ ಎಂದು ನನ್ನನ್ನು ಟೈಪಿಂಗಿಗೆ ಹಾಕಿದರು. ಮೊದಲು ಟೈಪ್‌ರೈಟರು, ಆಮೇಲೆ ಕಂಪ್ಯೂಟರು, ಜೆರಾಕ್ಸು, ಲ್ಯಾಮಿನೇಷನ್ನು, ಈಗ ಫ್ಲೆಕ್ಸು. ಖಾತೆ ಬದಲಾವಣೆ, ಪೋಡಿ, ವಿಧವಾ ವೇತನ, ದಾರಿ ಒತ್ತುವರಿ, ಹೀಗೆ ಈ ತಾಲ್ಲೂಕಿನ ಜನ ಸರ್ಕಾರಕ್ಕೆ ಹೇಳಿಕೊಂಡ ಕಷ್ಟದಲ್ಲಿ ಅರ್ಧ ನನ್ನ ಬೆರಳಿನಿಂದಲೇ ಹೋದದ್ದು. 'ಭಾಯ್ ಕನ್ನಡ ನೋಡಿ ಕಲೀರ್ಲಾ' ಎಂದು ಅಧ್ಯಕ್ಷರು ತಮ್ಮ ಹಿಂಬಾಲಕರಿಗೆ ಹೇಳುತ್ತಿದ್ದರು. ನಾನು ಉಬ್ಬುತ್ತಿದ್ದೆ. ಅವರು ನನ್ನ ಖಾಯಂ ಗಿರಾಕಿ. ವಾರಕ್ಕೆ ಎರಡು ಮನವಿ, ಚುನಾವಣೆಯ ವರ್ಷ ನಾಲ್ಕು.

ಅಧ್ಯಕ್ಷರು ಎಂದರೆ ಯಾವುದರ ಅಧ್ಯಕ್ಷರು ಎಂದು ಕೇಳಬಾರದು. ನಾನು ಒಂದು ಸಲ ಕೇಳಿ ಕೆಟ್ಟೆ. ಲೆಟರ್‌ಹೆಡ್ ಮಾಡಿಸಬೇಕೆಂದು ಬಂದಿದ್ದರು. ಹೆಸರಿನ ಕೆಳಗೆ 'ಅಧ್ಯಕ್ಷರು' ಎಂದು ಹೊಡೆದು, ಮುಂದೇನು ಹಾಕಲಿ ಎಂದೆ. ಅವರು ತಿರುಗುವ ಫ್ಯಾನನ್ನು ಸ್ವಲ್ಪ ಹೊತ್ತು ನೋಡಿ, ಅಷ್ಟೇ ಸಾಕು ಎಂದರು. ಹಿಂದೆ ಯಾವ ಕಾಲದಲ್ಲೋ ಒಂದು ಹಾಲಿನ ಸೊಸೈಟಿಗೆ ಎಂಟು ತಿಂಗಳು ಅಧ್ಯಕ್ಷರಾಗಿದ್ದರಂತೆ, ಅವಿಶ್ವಾಸ ತಂದು ಇಳಿಸಿದರಂತೆ. ಸೊಸೈಟಿ ಅವರನ್ನು ಬಿಟ್ಟಿತು, ಅವರು ಅಧ್ಯಕ್ಷತೆಯನ್ನು ಬಿಡಲಿಲ್ಲ. ಬಿಳಿ ಷರಟು, ಬಿಳಿ ಪಂಚೆ, ಹೆಗಲ ಮೇಲೆ ಹಸಿರು ಟವೆಲ್ಲು, ಮೇಲುಜೇಬಿನಲ್ಲಿ ಎರಡು ಪೆನ್ನು. ಆ ಪೆನ್ನುಗಳಿಂದ ಸಹಿಯೊಂದನ್ನು ಬಿಟ್ಟು ಬೇರೇನನ್ನಾದರೂ ಬರೆದದ್ದನ್ನು ನಾನು ಕಂಡಿಲ್ಲ.

ಅವರ ಬಾಯಲ್ಲಿ ಒಂದು ಮಾತಿತ್ತು: ನಾವು ಬುಡಾಕಿಲ್ಲ. ಚರಂಡಿ ಕಟ್ಟಿಕೊಂಡಿದೆ ಎಂದು ಒಬ್ಬಾಕೆ ಬಂದರೆ 'ನಾವು ಬುಡಾಕಿಲ್ಲ ಕಣವ್ವ'. ಬಸ್ಸು ನಿಲ್ಲಿಸುತ್ತಿಲ್ಲ ಎಂದು ಮಾಗಡಿ ರಸ್ತೆಯ ಹಳ್ಳಿಯವರು ಬಂದರೆ 'ನಾವು ಬುಡಾಕಿಲ್ಲ ಕಣ್ರಪ್ಪ'. ಹೇಳುವಾಗ ಟವೆಲ್ಲಿನ ಎರಡು ತುದಿಯನ್ನೂ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ಹಿಂಡುತ್ತಿದ್ದರು. ಕೇಳಿದವರಿಗೆ ಯಾರನ್ನೋ ಹಿಡಿದು ಹಿಂಡುತ್ತಿದ್ದಾರೆ ಅನ್ನಿಸಬೇಕು. ಜನ ಸಮಾಧಾನವಾಗಿ ಮನೆಗೆ ಹೋಗುತ್ತಿದ್ದರು. ಚರಂಡಿ ಹಾಗೇ ಇರುತ್ತಿತ್ತು.

ಮನವಿ ಕೊಡುವುದನ್ನು ಅವರು ಒಂದು ಶಾಸ್ತ್ರ ಮಾಡಿಟ್ಟಿದ್ದರು. ಹಿಂದಿನ ದಿನವೇ ತಹಶೀಲ್ದಾರರಿಗೆ ಫೋನು ಮಾಡಿ, ನಾಳೆ ಹನ್ನೊಂದೂವರೆಗೆ ನಿಮ್ಮ ವಿರುದ್ಧ ಘೋಷಣೆ ಕೂಗಲು ಬರುತ್ತೇವೆ, ಇರುತ್ತೀರಲ್ಲ ಎಂದು ವಿಚಾರಿಸಿಕೊಳ್ಳುತ್ತಿದ್ದರು. ಐಜೂರು ಸರ್ಕಲ್ಲಿನಿಂದ ಮೆರವಣಿಗೆ. ಕಚೇರಿಯ ಮೆಟ್ಟಿಲ ಕೆಳಗೆ ಹತ್ತು ನಿಮಿಷ ಧಿಕ್ಕಾರ. ಆಮೇಲೆ ತಹಶೀಲ್ದಾರರು ಹೊರಗೆ ಬಂದು ಮೂರನೇ ಮೆಟ್ಟಿಲಲ್ಲಿ ನಿಲ್ಲಬೇಕು, ಅಧ್ಯಕ್ಷರು ಎರಡನೇ ಮೆಟ್ಟಿಲಲ್ಲಿ. ಕಾಗದವನ್ನು ಇಬ್ಬರೂ ಎರಡೆರಡು ಕೈಯಲ್ಲಿ ಹಿಡಿದು ಪೇಪರಿನ ಫೋಟೋದವನ ಕಡೆ ತಿರುಗಬೇಕು. ಫ್ಲ್ಯಾಷ್ ಬೀಳುವ ತನಕ ಯಾರೂ ಬಿಡುವಂತಿಲ್ಲ. ಒಬ್ಬ ಹೊಸ ತಹಶೀಲ್ದಾರರಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ. ಪಾಪ, ಕಾಗದ ಕೈಗೆ ಬಂದ ತಕ್ಷಣ ಓದಲು ಶುರುಮಾಡಿದರು, ಓದಿ ಜೇಬಿಗೂ ಇಟ್ಟುಕೊಂಡರು. ಅಧ್ಯಕ್ಷರು ಕೈ ಚಾಚಿ, 'ಸ್ವಾಮಿ, ಅದನ್ನ ಒಸಿ ವಾಪಸ್ ಕೊಡಿ, ಇನ್ನೊಂದ್ಸಲ ಕೊಡ್ತೀನಿ' ಎಂದರು. ಆ ಅಧಿಕಾರಿ ಮನವಿಯನ್ನು ಓದಿದ್ದೇ ಅಪರಾಧ ಎನ್ನುವಂತೆ ಹಿಂಬಾಲಕರೆಲ್ಲ ಅವರನ್ನು ಗುರಾಯಿಸಿದರು.

ನನ್ನ ಕಂಪ್ಯೂಟರಿನಲ್ಲಿ ಒಂದೇ ಫೈಲು, ಅದರ ಹೆಸರು ಮನವಿ. ಮೇಲೆ 'ಮಾನ್ಯ ತಹಶೀಲ್ದಾರರವರ ಸನ್ನಿಧಾನಕ್ಕೆ', ಕೆಳಗೆ 'ತಪ್ಪಿದಲ್ಲಿ ಉಗ್ರ ಹೋರಾಟ ಹಮ್ಮಿಕೊಳ್ಳಲಾಗುವುದು'. ಅವೆರಡೂ ಬದಲಾಗುವುದಿಲ್ಲ. ನಡುವೆ ಊರಿನ ಹೆಸರು, ಕಷ್ಟದ ಹೆಸರು ಬದಲಾಯಿಸಿದರೆ ಆಯಿತು. ಒಂದು ಸಲ ಹೆಂಡದಂಗಡಿ ಎತ್ತಿಸಬೇಕೆಂಬ ಮನವಿಯ ಮೇಲೆ ಶಾಲೆಯ ರಿಪೇರಿಯದನ್ನು ಹೊಡೆಯುವಾಗ ನನ್ನ ಕಣ್ಣು ತಪ್ಪಿ, ಸದರಿ ಗ್ರಾಮದ ಪ್ರಾಥಮಿಕ ಶಾಲೆಯಿಂದ ಹೆಣ್ಣುಮಕ್ಕಳಿಗೆ ತೀವ್ರ ತೊಂದರೆಯಾಗುತ್ತಿದ್ದು ಕೂಡಲೇ ಅದನ್ನು ಮುಚ್ಚಿಸಬೇಕು ಎಂದು ಹೋಯಿತು. ಅಧ್ಯಕ್ಷರು ಸಹಿ ಹಾಕಿದರು, ತಹಶೀಲ್ದಾರರು ತೆಗೆದುಕೊಂಡರು, ಪೇಪರಿನಲ್ಲಿ ಫೋಟೋ ಬಂತು. ತಪ್ಪು ಕಂಡವನು ನಾನೊಬ್ಬನೇ, ಅದೂ ಮೂರು ತಿಂಗಳ ಮೇಲೆ. ಉಗ್ರ ಹೋರಾಟ ಅಂದರೆ ಏನು ಮಾಡುತ್ತೀರಿ ಅಣ್ಣ ಎಂದು ಒಮ್ಮೆ ಕೇಳಿದ್ದೆ. ಇನ್ನೊಂದು ಮನವಿ ಕೊಡುತ್ತೇವೆ ಎಂದರು. ನಗಲಿಲ್ಲ.

ಚುನಾವಣೆಗಳ ಕಥೆ ಉದ್ದವಾಗಿ ಹೇಳುವಂಥದ್ದಲ್ಲ. ರಾಮನಗರದಲ್ಲಿ ಸೋತರು, ಮಾಗಡಿಯಲ್ಲಿ ಸೋತರು. ಕನಕಪುರದಲ್ಲಿ ನಾಮಪತ್ರ ಹಾಕಿ ಕೊನೆಯ ದಿನ ವಾಪಸು ತೆಗೆದುಕೊಂಡರು. ಯಾಕೆ ಎಂದು ಕೇಳಿದವರಿಗೆ ಪಕ್ಷದ ಹಿತ ಎಂದರು, ಅದು ಯಾವ ಪಕ್ಷ ಎಂದು ಯಾರೂ ಕೇಳಲಿಲ್ಲ. ಚನ್ನಪಟ್ಟಣದಲ್ಲಿ ಪಕ್ಷೇತರರಾಗಿ ನಿಂತಾಗ ಬುಗುರಿ ಚಿಹ್ನೆ ಸಿಕ್ಕಿತು. ಬೊಂಬೆ ಮಾಡುವವರ ಊರಿನಲ್ಲಿ ಬುಗುರಿಗೇನು ಬರ, ಚೀಲಗಟ್ಟಲೆ ಮಾಡಿಸಿ ಜೀಪಿನಿಂದ ತೂರಿಕೊಂಡು ಹೋದರು. ಅಂಥ ಮೆರವಣಿಗೆಯನ್ನು ಆ ಊರು ಕಂಡಿರಲಿಲ್ಲ, ಜೀಪಿನ ಹಿಂದೆ ಜನವೋ ಜನ. ಎಲ್ಲರೂ ಹತ್ತು ವರ್ಷದ ಒಳಗಿನವರು. ಠೇವಣಿ ಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಇವರು ಮತಯಂತ್ರವನ್ನು ಬೈಯುತ್ತ ಒಂದು ಮನವಿ ಹೊಡೆಸಿದರು.

ಸಾವನದುರ್ಗದ ತಪ್ಪಲಿನಿಂದ ರಾಮನಗರಕ್ಕೆ ಒಂದು ಪಾದಯಾತ್ರೆಯನ್ನೂ ಮಾಡಿದರು. ಯಾವ ಬೇಡಿಕೆಗೆ ಎಂಬುದು ಮರೆತಿದೆ, ಅವರಿಗೂ ಮರೆತಿತ್ತು. ಬೆಟ್ಟದ ಕೆಳಗಿನ ದೇವಸ್ಥಾನದ ಮುಂದೆ ಕಾಯಿ ಒಡೆದು ನಡೆದದ್ದು ನಿಜ, ಕಚೇರಿಯ ಮುಂದಕ್ಕೆ ನಡೆದು ಬಂದದ್ದೂ ನಿಜ. ನಡುವಿನ ದಾರಿಗೆ ಸುಮೋ ಇತ್ತು. ಅದರ ಸೀಟಿನ ಕೆಳಗೆ ಒಂದು ಜೊತೆ ಸವೆದ ಹವಾಯಿ ಚಪ್ಪಲಿ ಯಾವಾಗಲೂ ಇರುತ್ತಿತ್ತು. ಮೆರವಣಿಗೆಗೆ ಇಳಿಯುವಾಗ ಷೂ ಬಿಚ್ಚಿ ಅದನ್ನು ಮೆಟ್ಟಿಕೊಳ್ಳುತ್ತಿದ್ದರು. ಆ ಚಪ್ಪಲಿ ಹೇಗೆ ಸವೆಯಿತು ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಯಾರದೋ ಸವೆದದ್ದನ್ನು ತಂದಿರಬೇಕು.

ಅವರ ಜೀವನದಲ್ಲಿ ನಿಜವಾದ ಕಷ್ಟ ಬಂದದ್ದು ಒಂದೇ ಸಲ. ಎರಡು ಪಕ್ಷ ಕೂಡಿ ಸರ್ಕಾರ ಮಾಡಿದವು, ಅದರಲ್ಲಿ ಒಂದು ಆಗ ಅವರಿದ್ದ ಪಕ್ಷವಾಗಿತ್ತು. ಊರೆಲ್ಲ ಪಟಾಕಿ. ಅಧ್ಯಕ್ಷರು ಮಾತ್ರ ಸೂತಕದ ಮನೆಯವರಂತೆ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. 'ಈಗ ಯಾರ್ ಮೇಲೆ ಕೂಗದು ಭಾಯ್' ಎಂದರು. ಕೆಲಸ ಮಾಡಿಸಿಕೊಡಬಹುದಲ್ಲ ಅಣ್ಣ ಎಂದೆ. ಅವರು ನನ್ನನ್ನು ನೋಡಿದ ನೋಟದಲ್ಲಿ ಕೋಪವಿರಲಿಲ್ಲ, ನಿಜವಾಗಿಯೂ ಅರ್ಥವಾಗದ ಪೆಚ್ಚು ಇತ್ತು. ಆ ಕಾಲದಲ್ಲಿ ಜನ ತಂದ ಅರ್ಜಿಗಳನ್ನು ತೆಗೆದುಕೊಂಡು ಹೋಗಿ ಮಂತ್ರಿಗೆ ಕೊಡುವುದನ್ನು ಬಿಟ್ಟು, ಯಥಾಪ್ರಕಾರ ತಹಶೀಲ್ದಾರರ ಮೆಟ್ಟಿಲಿಗೇ ತಂದರು. ಸರ್ಕಾರ ಬಿದ್ದ ದಿನ ಅವರ ಮುಖಕ್ಕೆ ರಕ್ತ ಬಂತು. ಮಾರನೇ ದಿನವೇ ಎರಡು ಮನವಿ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಅಧ್ಯಕ್ಷರು ಲಂಚ ತಿಂದವರಲ್ಲ. ಸಾವಿನ ಮನೆಗೆ ಯಾರೂ ಕರೆಯದೆ ಹೋಗಿ ನೆಲದ ಮೇಲೆ ಕೂರುತ್ತಿದ್ದರು. ನಮ್ಮಪ್ಪ ಸತ್ತಾಗ ಖಬರಸ್ಥಾನದ ತನಕ ನಡೆದು ಬಂದಿದ್ದರು, ಅವತ್ತು ಸುಮೋ ಇರಲಿಲ್ಲ. ಇದನ್ನು ನಾನು ಮರೆತಿಲ್ಲ. ಆದರೆ ಲಂಚ ತಿನ್ನದಿದ್ದದ್ದನ್ನು ನಾನು ಹೊಗಳಲಾರೆ. ತಿಂದವನು ಹೆದರಿಕೆಗಾದರೂ ಕೆಲಸ ಮಾಡಿಕೊಡುತ್ತಾನೆ. ಇವರಿಗೆ ಆ ಹೆದರಿಕೆಯೂ ಇರಲಿಲ್ಲ.

ಇಷ್ಟೇ ಆಗಿದ್ದರೆ ನಾನೂ ಎಲ್ಲರಂತೆ ನಕ್ಕು, ಫ್ಲೆಕ್ಸು ಹೊಡೆದುಕೊಟ್ಟು ಸುಮ್ಮನಾಗುತ್ತಿದ್ದೆ. ಕೆಂಪಮ್ಮನ ತೋಟದ ವಿಷಯ ಇರದಿದ್ದರೆ.

ಬಿಡದಿ ಕಡೆಯಿಂದ ಫ್ಯಾಕ್ಟರಿಗಳು ಒಂದೊಂದೇ ಕಾಂಪೌಂಡು ಹಾಕಿಕೊಳ್ಳುತ್ತ ನಮ್ಮ ಕಡೆ ಬರುತ್ತಿದ್ದ ಕಾಲ ಅದು. ಕೂಟಗಲ್ ಹೋಬಳಿಯ ಒಂದು ಊರಿಗೆ ನೋಟೀಸು ಬಂತು: ಕೈಗಾರಿಕಾ ಪ್ರದೇಶಕ್ಕಾಗಿ ಈ ಕೆಳಕಂಡ ಸರ್ವೆ ನಂಬರುಗಳ ಜಮೀನು ಬೇಕಾಗಿದೆ, ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಬೆಂಗಳೂರಿನಲ್ಲಿರುವ ವಿಶೇಷ ಭೂಸ್ವಾಧೀನಾಧಿಕಾರಿಗೆ ಸಲ್ಲಿಸತಕ್ಕದ್ದು. ಊರಿನ ಅರವತ್ತು ಚಿಲ್ಲರೆ ಜನ ನನ್ನ ಅಂಗಡಿಗೆ ಬಂದರು. ಒಬ್ಬೊಬ್ಬರಿಗೂ ಬೇರೆ ಬೇರೆ ಕಾಗದ ಹೊಡೆದೆ. ಇದು ಮನವಿ ಫೈಲಿನಲ್ಲಿ ಆಗುವ ಕೆಲಸವಾಗಿರಲಿಲ್ಲ. ಒಂದೊಂದು ಜಮೀನಿಗೂ ಒಂದೊಂದು ಬಾವಿ, ಒಂದೊಂದು ಮರ, ಒಂದೊಂದು ಗೋರಿ ಇತ್ತು. ನಾಲ್ಕು ದಿನ ಕೂತು ಹೊಡೆದ ಆ ಕಾಗದಗಳು ನಾನು ಈ ಅಂಗಡಿಯಲ್ಲಿ ಮಾಡಿದ ಅತ್ಯಂತ ಒಳ್ಳೆಯ ಕೆಲಸ.

ಅವರಲ್ಲಿ ಕೆಂಪಮ್ಮನೂ ಒಬ್ಬಳು. ಗಂಡ ತೀರಿಕೊಂಡ ಮೇಲೆ ಎರಡೆಕರೆ ಹಿಪ್ಪುನೇರಳೆ ತೋಟ ನೋಡಿಕೊಂಡು ಹುಳ ಸಾಕುತ್ತಿದ್ದಳು. ಗೂಡಿನ ಮಾರ್ಕೆಟ್ಟಿನಲ್ಲಿ ನಮ್ಮಪ್ಪ ಅವಳ ಗೂಡಿನ ರಾಶಿಯ ಮುಂದೆ ನಿಂತರೆ ಮುಂದಕ್ಕೆ ಹೋಗುತ್ತಿರಲಿಲ್ಲ. ಕೆಂಪಮ್ಮನ ಗೂಡು ಬಿಚ್ಚಿದರೆ ಎಳೆ ಕಡಿಯುವುದಿಲ್ಲ, ಆ ತೋಟದ ಸೊಪ್ಪಿನಲ್ಲೇ ಏನೋ ಇದೆ ಅನ್ನುತ್ತಿದ್ದರು. ಅವಳ ಆಕ್ಷೇಪಣೆಯಲ್ಲಿ ಈ ಮಾತನ್ನು ಹೇಗೆ ಬರೆಯುವುದು ಎಂದು ಗೊತ್ತಾಗದೆ, ಸದರಿ ಜಮೀನು ಅತ್ಯುತ್ತಮ ಫಸಲು ಕೊಡುವ ನೀರಾವರಿ ತೋಟವಾಗಿದ್ದು ಅರ್ಜಿದಾರಳಿಗೆ ಇದನ್ನು ಬಿಟ್ಟು ಬೇರೆ ಜೀವನಾಧಾರ ಇರುವುದಿಲ್ಲ ಎಂದು ಹೊಡೆದೆ. ಅವಳು ಓದಿಸಿ ಕೇಳಿ ಹೆಬ್ಬೆಟ್ಟು ಒತ್ತಿದಳು.

ಆಗ ಅಧ್ಯಕ್ಷರು ಬಂದರು. ಒಬ್ಬೊಬ್ಬರೇ ಬೆಂಗಳೂರಿಗೆ ಹೋಗಿ ಕೊಟ್ಟರೆ ನಿಮ್ಮನ್ನು ಯಾರು ಕೇಳುತ್ತಾರೆ, ಎಲ್ಲ ಕಾಗದವನ್ನೂ ನನ್ನ ಕೈಗೆ ಕೊಡಿ, ದೊಡ್ಡ ನಾಯಕರನ್ನು ಕರೆಸಿ, ಒಟ್ಟಿಗೆ ಮೆರವಣಿಗೆಯಲ್ಲಿ ಕೊಡೋಣ ಎಂದರು. ಒಗ್ಗಟ್ಟಿನ ಬಗ್ಗೆ ಅರ್ಧ ಗಂಟೆ ಮಾತಾಡಿದರು. ನಾವು ಬುಡಾಕಿಲ್ಲ ಎಂದರು. ಅರವತ್ತು ಕಾಗದವೂ ಅವರ ಹಸಿರು ಟವೆಲ್ಲಿನಲ್ಲಿ ಗಂಟಾಯಿತು. ಕೊಡದೆ ಉಳಿದವನು ಚಿಕ್ಕಣ್ಣನೊಬ್ಬ. ಅವನು ಅಣ್ಣತಮ್ಮಂದಿರನ್ನೇ ನಂಬದ ಮನುಷ್ಯ. ಅಧ್ಯಕ್ಷರು ಎಲ್ಲರ ಮುಂದೆ ಅವನನ್ನು ಊರು ಒಡೆಯುವವನು ಎಂದು ಕರೆದರು, ಅವನು ಬೀಡಿ ಹಚ್ಚಿಕೊಂಡು ಎದ್ದುಹೋದ.

ನೋಟೀಸು ಬಂದದ್ದು ಆಷಾಢ ಹುಟ್ಟಿದ ವಾರ. ನಾಯಕರು ಬರುವುದು ಯಾವಾಗ ಎಂದು ಜನ ಕೇಳಿದಾಗ ಅಧ್ಯಕ್ಷರು ಪಂಚಾಂಗ ತೆಗೆದರು. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸದಾಗಿ ಮದುವೆಯಾದ ಹೆಣ್ಣೂ ಗಂಡನ ಮನೆಯಲ್ಲಿರುವುದಿಲ್ಲ. ಹೋರಾಟ ಮಾತ್ರ ಶುರುಮಾಡಲು ಬರುತ್ತದೆಯೇ? ನಾಯಕರೂ ಹಾಗೇ ಹೇಳಿದರಂತೆ. ಶ್ರಾವಣದ ಮೊದಲನೇ ಸೋಮವಾರ ನಿಗದಿಯಾಯಿತು. ಊರಿನವರಿಗೂ ಇದು ಸರಿಯೆಂದೇ ಕಂಡಿತು. ಆಷಾಢದಲ್ಲಿ ಕೈಹಾಕಿದ ಕೆಲಸ ಎಲ್ಲಿ ಕೈಗೂಡುತ್ತದೆ ಎಂದು ಹಿರಿಯರು ತಲೆ ಆಡಿಸಿದರು. ಸರ್ಕಾರದ ಕ್ಯಾಲೆಂಡರಿನಲ್ಲಿ ಆಷಾಢವಿಲ್ಲ ಎನ್ನುವುದು ಅರವತ್ತು ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಚಿಕ್ಕಣ್ಣ ಆಷಾಢ ಶುಕ್ರವಾರವೇ ರೈಲು ಹತ್ತಿ ಹೋಗಿ ತನ್ನ ಕಾಗದ ಕೊಟ್ಟು, ಸೀಲು ಒತ್ತಿಸಿಕೊಂಡು ಬಂದ.

ನನಗೆ ಹೊಳೆದಿತ್ತು. ಇಲ್ಲಿಂದ ಮುಂದೆ ಅಧ್ಯಕ್ಷರಿಗೆ ಸಲ್ಲಬೇಕಾದ ತಿರಸ್ಕಾರದಲ್ಲಿ ನನ್ನ ಪಾಲೂ ಇದೆ. ಮೂವತ್ತು ದಿನ ಎಂದು ಅರವತ್ತು ಸಲ ಟೈಪು ಮಾಡಿದವನು ನಾನು. ಒಂದು ದಿನ ಅಧ್ಯಕ್ಷರಿಗೆ, ಅಣ್ಣ ದಿನ ಮುಗಿಯುತ್ತ ಬಂತು ಎಂದೆ. ಹೋರಾಟಕ್ಕೆ ದಿನ ಲೆಕ್ಕ ಇಡುವುದು ಗುಮಾಸ್ತರ ಕೆಲಸ ಎಂದರು. ಅದೇ ವಾರ ಕೆಂಪಮ್ಮ ಗೂಡು ಮಾರಿಕೊಂಡು ಅಂಗಡಿಗೆ ಬಂದಳು. 'ಸಾಬ್ರೇ, ನನ್ ಕಾಗ್ದ ಒಂದ್ನ ಇಸ್ಕೊಂಡು ನಾನೂ ರೈಲಲ್ಲಿ ಓಗ್ಬುಡ್ಲಾ? ಚಿಕ್ಕಣ್ಣ ದಾರಿ ತೋರುಸ್ತೀನಿ ಅಂತವ್ನೆ' ಎಂದಳು.

ನಾನು ಹೂಂ ಅನ್ನಬೇಕಿತ್ತು. ಇನ್ನೊಂದು ಪ್ರತಿ ನನ್ನ ಕಂಪ್ಯೂಟರಿನಲ್ಲೇ ಇತ್ತು, ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಅಧ್ಯಕ್ಷರಿಗೆ ಗೊತ್ತಾದರೆ ಬೇರೆ ಅಂಗಡಿಗೆ ಹೋಗುತ್ತಾರೆ ಎಂಬ ಭಯ ನನ್ನ ಬಾಯಿ ಕಟ್ಟಿತು. ಅವರೇ ಕೊಡುತ್ತಾರೆ ಬಿಡಮ್ಮ, ಒಗ್ಗಟ್ಟಿರಲಿ ಎಂದುಬಿಟ್ಟೆ. ಅವಳು ಸರಿ ಎಂದು ಹೊರಟಳು. ಕಾಗದ ಹೊಡೆದವನ ಮಾತಿಗೆ ಅವಳು ಬೆಲೆ ಕೊಟ್ಟಳು.

ಶ್ರಾವಣದ ಸೋಮವಾರ ಬಂತು. ನಾಯಕರು ಬರಲಿಲ್ಲ, ಬೇರೆಲ್ಲೋ ಕಾರ್ಯಕ್ರಮವಂತೆ. ಬೆಂಗಳೂರಿಗೆ ಹೋಗುವ ಬಸ್ಸನ್ನೂ ಅಧ್ಯಕ್ಷರು ರದ್ದು ಮಾಡಿದರು. ಅಲ್ಲಿಯ ಅಧಿಕಾರಿ ಮೆಟ್ಟಿಲಿಗೆ ಇಳಿದು ಬರುತ್ತಾನೋ ಇಲ್ಲವೋ, ಅಲ್ಲಿಗೆ ನಮ್ಮ ಪೇಪರಿನವರು ಬರುತ್ತಾರೋ ಇಲ್ಲವೋ. ಐಜೂರು ಸರ್ಕಲ್ಲಿನಿಂದ ಅದೇ ಮೆರವಣಿಗೆ, ಅದೇ ಮೆಟ್ಟಿಲು. ಅವಧಿ ಮುಗಿದು ಆರನೇ ದಿನ, ಸಂಬಂಧವೇ ಇಲ್ಲದ ಕಚೇರಿಗೆ, ಅರವತ್ತು ಸಂಸಾರದ ಆಕ್ಷೇಪಣೆಯನ್ನು ಅಧ್ಯಕ್ಷರು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರೆ. ಇವರು ಹಾಕಿದ್ದು ಪಕ್ಕದೂರಿನ ಕೋಟೆ ಬಾಗಿಲು. ನಾನು ಅಂಗಡಿಯ ಕಟ್ಟೆಯ ಮೇಲೆ ನಿಂತು ನೋಡಿದೆ. ಕೆಂಪಮ್ಮ ಮೆಟ್ಟಿಲ ಪಕ್ಕದಲ್ಲೇ ಇದ್ದಳು. ಫ್ಲ್ಯಾಷ್ ಬೀಳುವ ಹೊತ್ತಿಗೆ ಕೈ ಚಾಚಿ ಆ ಗಂಟಿನ ಅಂಚನ್ನು ಹಿಡಿದುಕೊಂಡಿದ್ದಳು.

ಮಾರನೇ ದಿನ ಪೇಪರಿನಲ್ಲಿ ಫೋಟೋ ದೊಡ್ಡದಾಗಿಯೇ ಬಂತು. ಅಧ್ಯಕ್ಷರು, ತಹಶೀಲ್ದಾರರು, ನಡುವೆ ಗಂಟು. ಬಲಗಡೆಯ ಅಂಚಿನಲ್ಲಿ ಒಂದು ಕೈ ಮಾತ್ರ. ಮುಖ ಚೌಕಟ್ಟಿನ ಆಚೆ ಉಳಿದಿತ್ತು. ಸೊಪ್ಪು ಕೊಯ್ಯುವಾಗ ಕುಡುಗೋಲು ತಗುಲಿ ತೋರುಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು, ಅದರಿಂದ ಗುರುತು ಸಿಕ್ಕಿತು. ಎರಡು ದಿನ ಬಿಟ್ಟು ಬಂದು, ಚಿಕ್ಕಣ್ಣನಿಗೆ ಸೀಲಿನ ರಸೀತಿ ಕೊಟ್ಟಿದ್ದಾರೆ, ನನ್ನ ರಸೀತಿ ಎಲ್ಲಿ ಎಂದು ಕೇಳಿದಳು. ಪೇಪರಿನಿಂದ ಆ ಫೋಟೋ ಕತ್ತರಿಸಿ, ಲ್ಯಾಮಿನೇಷನ್ ಮಾಡಿ ಅವಳ ಕೈಗೆ ಕೊಟ್ಟೆ. ಇದನ್ನೇ ರಸೀತಿ ಅಂದುಕೋ, ಕೊಟ್ಟದ್ದಕ್ಕೆ ಸಾಕ್ಷಿ ಇದೆಯಲ್ಲ ಎಂದೆ. ದುಡ್ಡು ಬೇಡ ಎಂದೆ. ಅವತ್ತು ನಾನು ತೋರಿಸಿದ ದೊಡ್ಡತನ ಅಷ್ಟು.

ಮುಂದಿನದು ಬೇಗ ಮುಗಿಯಿತು. ಚಿಕ್ಕಣ್ಣನಿಗೆ ವಿಚಾರಣೆಗೆ ಕರೆ ಬಂತು, ಅವನ ಒಂದೂವರೆ ಎಕರೆ ಕೈಬಿಟ್ಟರು. ಉಳಿದವರಿಗೆ ಕರೆಯೇ ಬರಲಿಲ್ಲ. ಅಂತಿಮ ಆದೇಶದಲ್ಲಿ ಒಂದು ಸಾಲು ಇತ್ತು: ಇತರೆ ಯಾವುದೇ ಆಕ್ಷೇಪಣೆಗಳು ನಿಗದಿತ ಅವಧಿಯಲ್ಲಿ ಸ್ವೀಕೃತವಾಗಿರುವುದಿಲ್ಲ. ಅದರ ಜೆರಾಕ್ಸು ತೆಗೆದವನೂ ನಾನೇ. ಜೆಸಿಬಿ ಬಂದ ದಿನ ಕೆಂಪಮ್ಮ ಸೆರಗಿನೊಳಗಿಂದ ಲ್ಯಾಮಿನೇಷನ್ ಫೋಟೋ ತೆಗೆದು ಸರ್ವೆಯವರಿಗೆ ತೋರಿಸಿದಳಂತೆ. ಅವರು ಪೊಲೀಸಿನವರ ಕಡೆ ಕೈ ತೋರಿಸಿದರಂತೆ. ಇನ್ಸ್‌ಪೆಕ್ಟರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, 'ಫೋಟೋ ಚೆನ್ನಾಗಿ ಬಂದೈತೆ ಕಣಮ್ಮ' ಎಂದು ವಾಪಸು ಕೊಟ್ಟರಂತೆ. ಅಧ್ಯಕ್ಷರು ಆ ವಾರ ಭೂಸ್ವಾಧೀನವನ್ನು ಖಂಡಿಸಿ ಒಂದು ಮನವಿ ಹೊಡೆಸಿದರು. ನಾನು ಹೊಡೆದುಕೊಟ್ಟೆ. ಹೊರಡುವಾಗ ಬಾಗಿಲಲ್ಲಿ ನಿಂತು, 'ಆ ಕಾಗ್ದ ಬೆಂಗ್ಳೂರ್ಗೇ ಓಗ್ಬೇಕಿತ್ತಾ ಭಾಯ್' ಎಂದು ಕೇಳಿದರು. ಹೂಂ ಎಂದೆ. ಟವೆಲ್ಲು ಹಿಂಡಿದರು, ಆದರೆ ಬಾಯಲ್ಲಿ ಆ ಮಾತು ಬರಲಿಲ್ಲ. ಎಲ್ಲಿ ಕೊಟ್ಟರೂ ಸರ್ಕಾರಕ್ಕೇ ಕೊಟ್ಟ ಹಾಗಲ್ಲವೇ ಎಂದು ತಮಗೆ ತಾವೇ ಹೇಳಿಕೊಂಡು ಮೆಟ್ಟಿಲಿಳಿದರು. ಆಮೇಲೆ ಇನ್ನೂ ಹತ್ತಾರು ವರ್ಷ ಅವರು ಮನವಿ ಕೊಟ್ಟರು. ರಾಮನಗರ ಜಿಲ್ಲೆಯಾದಾಗ, ಇನ್ನು ಡಿಸಿಗೇ ಕೊಡಬಹುದು ಎಂದು ಸಂತೋಷಪಟ್ಟರು.

ಈಗ ಭಾವಮೈದನಿಗೆ ಬೇಕಾಗಿದ್ದದ್ದು ಅದೇ ಫೋಟೋ. ಅಧ್ಯಕ್ಷರ ಜೀವಮಾನದಲ್ಲೇ ದೊಡ್ಡ ಹೋರಾಟ ಅದು ಎಂದ. ಮನೆಯ ಆಲ್ಬಮ್ಮು ಗೆದ್ದಲು ತಿಂದಿತ್ತು. ಯಾವುದೋ ಹೆಂಗಸಿಗೆ ನೀವು ಲ್ಯಾಮಿನೇಷನ್ ಮಾಡಿಕೊಟ್ಟಿದ್ದಿರಲ್ಲ, ಇಸಿದುಕೊಂಡು ಬನ್ನಿ, ಸ್ಕ್ಯಾನ್ ಮಾಡಿ ವಾಪಸು ಕೊಟ್ಟರಾಯಿತು ಎಂದ. ನಾನು ಮಧ್ಯಾಹ್ನವೇ ಗಾಡಿ ಹತ್ತಿದೆ.

ಫ್ಯಾಕ್ಟರಿಯ ಕಾಂಪೌಂಡು ಚಿಕ್ಕಣ್ಣನ ಜಮೀನಿನ ಮೂರು ಕಡೆ ಸುತ್ತಿಕೊಂಡು ಹೋಗಿದೆ. ಅವನು ಅಲ್ಲಿ ಹಿಪ್ಪುನೇರಳೆ ಹಾಕಿದ್ದಾನೆ. ಕೆಂಪಮ್ಮ ಅದರಲ್ಲಿ ಸೊಪ್ಪು ಕೊಯ್ಯುತ್ತಿದ್ದಳು. ಅವನಿಂದ ಸೊಪ್ಪು ಕೊಂಡು ಇನ್ನೂ ಒಸಿ ಹುಳ ಸಾಕುತ್ತಾಳೆ. ಕೊಂಡ ಸೊಪ್ಪಿನಲ್ಲಿ ಏನೂ ಉಳಿಯುವುದಿಲ್ಲ ಎಂಬುದು ಅವಳಿಗೂ ಗೊತ್ತು. ಅಧ್ಯಕ್ಷರು ತೀರಿಕೊಂಡದ್ದನ್ನು ಹೇಳಿದೆ. 'ಅಯ್ಯೋ ಪಾಪ, ಯಾವಾಗ' ಎಂದಳು. ಅವಳ ಗಂಡ ಸತ್ತಾಗ ಅವರು ಬಂದು ನೆಲದ ಮೇಲೆ ಕೂತಿ‌ದ್ದರಂತೆ. ಫೋಟೋ ವಿಷಯ ಎತ್ತಿದೆ. ಮನೆಗೆ ಕರೆದುಕೊಂಡು ಹೋಗಿ, ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದ ಅದನ್ನು ತೆಗೆದು ನನ್ನ ಕೈಗಿಟ್ಟಳು. ಅಂಚು ಹಳದಿಯಾಗಿತ್ತು. ನಾನು ನೋಡುತ್ತಿರುವಾಗ ಅವಳು ಕೇಳಿದಳು:

'ಅವ್ರು ತೀರೋದ್ಮೇಲೂ ಇದು ನಡೀತದಾ ಸಾಬ್ರೇ?'

ಇಷ್ಟು ವರ್ಷ ಅವಳು ಅದನ್ನು ಹಾಗೇ ಇಟ್ಟುಕೊಂಡಿದ್ದಳು. ಯಾವತ್ತೋ ಒಂದು ದಿನ ಸರಿಯಾದ ಅಧಿಕಾರಿ ಬರುತ್ತಾನೆ, ಅವನಿಗೆ ತೋರಿಸಬೇಕು ಎಂದು. ನಾನು ಜಗಲಿಯ ಮೇಲೆ ಕೂತೆ. ಅದು ಯಾವತ್ತೂ ನಡೆಯುತ್ತಿರಲಿಲ್ಲ, ಅದು ರಸೀತಿಯಲ್ಲ, ನೀನು ಕೇಳಿದ ದಿನವೇ ರೈಲು ಹತ್ತು ಎಂದು ನಾನು ಹೇಳಬೇಕಿತ್ತು, ನನ್ನ ಗಿರಾಕಿ ಹೋದೀತು ಎಂದು ಹೇಳಲಿಲ್ಲ ಎಂದೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಕಾಂಪೌಂಡಿನ ಕಡೆ ನೋಡಿದಳು. ಆಮೇಲೆ ನನ್ನ ಕೈಯಿಂದ ಫೋಟೋ ಬಿಡಿಸಿಕೊಂಡು ಸೆರಗಿನಿಂದ ಒರೆಸಿ ಕವರಿಗೆ ಹಾಕಿದಳು.

'ಬೇರೆ ಫೋಟ ಆಕ್ಕೊಳಿ. ಇದ್ರಾಗೆ ನನ್ ಕೈ ಐತೆ' ಎಂದಳು.

ಬರಿಗೈಯಲ್ಲಿ ವಾಪಸು ಬಂದೆ. ಅಷ್ಟರಲ್ಲಿ ಭಾವಮೈದ ಪೇಪರಿನ ಹಳೇ ಫೋಟೋದವನನ್ನು ಹುಡುಕಿ ಅದೇ ಫೋಟೋದ ನೆಗೆಟಿವ್ ತಂದಿದ್ದ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಾಗ ಮೊದಲ ಸಲ ಬಣ್ಣದಲ್ಲಿ ನೋಡಿದೆ. ಪೇಪರಿನಲ್ಲಿ ಕಪ್ಪಗೆ ಕಂಡಿದ್ದ ಆ ಬೆರಳಿನ ಬಟ್ಟೆ ನೀಲಿ, ಯಾವುದೋ ಹಳೇ ಸೀರೆಯ ಚೂರು. ಗಂಟಿನ ಅಂಚನ್ನು ನಾಲ್ಕೂ ಬೆರಳಿನಿಂದ ಗಟ್ಟಿಯಾಗಿ ಹಿಡಿದಿದ್ದಳು. ಭಾವಮೈದ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, 'ಪಕ್ಕದಾಗೆ ಯಾರ್ದೋ ಕೈ ಬಂದ್ಬುಟ್ಟೈತೆ, ಅದನ್ನ ತೆಗ್ದಾಕಿ ಭಾಯ್' ಎಂದ.

ಎರಡು ನಿಮಿಷದ ಕೆಲಸ. ಮದುವೆ ಫೋಟೋಗಳಿಂದ ಮುನಿಸಿಕೊಂಡ ನೆಂಟರನ್ನೇ ಅಳಿಸಿಕೊಟ್ಟವನು ನಾನು. ಆಗಲ್ಲ ಎಂದೆ. ಯಾಕೆ ಆಗಲ್ಲ ಎಂದ. ಬರಲ್ಲ, ಅದನ್ನು ತೆಗೆದರೆ ಅಧ್ಯಕ್ಷರ ಕೈಯೂ ಹೋಗುತ್ತದೆ ಎಂದೆ. ಗೊಣಗಿಕೊಂಡು ಒಪ್ಪಿದ.

ತಿಥಿಯ ದಿನ ಐಜೂರು ಸರ್ಕಲ್ಲಿನಲ್ಲಿ ಫ್ಲೆಕ್ಸು ನಿಂತಿತು. ರೈತರ ಕಣ್ಮಣಿ, ನೊಂದವರ ದನಿ, ಛಲ ಬಿಡದ ಹೋರಾಟಗಾರ. ಪಕ್ಕದಲ್ಲಿ ನೀಲಿ ಬಟ್ಟೆ ಸುತ್ತಿದ ಒಂದು ಕೈ, ಅದು ಗಂಟನ್ನು ಇನ್ನೂ ಬಿಟ್ಟಿರಲಿಲ್ಲ. ಅಷ್ಟು ವರ್ಷದಲ್ಲಿ ನಾನು ಅಧ್ಯಕ್ಷರ ಕೆಲಸಕ್ಕೆ ಆಗಲ್ಲ ಎಂದದ್ದು ಅದೊಂದೇ ಸಲ, ಅದೂ ಅವರು ಸತ್ತ ಮೇಲೆ.